ಅಪೀಲು ನ್ಯಾಯಸ್ಥಾನವೂ ಅಲಬಾಮದ ಒಂಬತ್ತು ಹುಡುಗರೂ

ಕೆಳಗಿನ ನ್ಯಾಯಸ್ಥಾನದಲ್ಲಿ ಸೋತವನು ಹೊರಗೆ ಬಂದು, “ಆಗಲಿ, ಅಪೀಲಿನಲ್ಲಿ ನೋಡಿಕೊಳ್ಳೋಣ” ಎಂದು ತನ್ನ ವಕೀಲರಿಗೆ ಹೇಳುವ ಮಾತನ್ನು ಕೋರ್ಟಿನ ಜಗಲಿಯಲ್ಲಿ ಒಂದು ಗಳಿಗೆ ನಿಂತವರೆಲ್ಲರೂ ಕೇಳಿರಬಹುದು. ಆ ಮಾತಿನ ಹಿಂದೆ ಒಂದು ದೃಢವಾದ ನಂಬಿಕೆಯುಂಟು. ಮೇಲಿನ ನ್ಯಾಯಾಧೀಶರು ಹೆಚ್ಚು ಬಲ್ಲವರು. ಅವರು ಮೊಕದ್ದಮೆಯನ್ನು ಮೊದಲಿನಿಂದ ಮತ್ತೊಮ್ಮೆ ವಿಚಾರಿಸುತ್ತಾರೆ. ನಡೆದುದೇನೆಂಬುದನ್ನು ಕಂಡುಹಿಡಿದು ನಿರಪರಾಧಿಯನ್ನು ಬಿಡಿಸಿ ಕಳುಹಿಸುತ್ತಾರೆ. ನಂಬಿಕೆ ಒಳ್ಳೆಯದೇ. ಆದರೆ ಅದು ಎಷ್ಟರಮಟ್ಟಿಗೆ ನಿಜ? ಇದನ್ನು ತೂಗಿ ನೋಡುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಒಂದು ಮೊಕದ್ದಮೆಯಿದೆ. ೧೯೩೧ರಲ್ಲಿ ಅಲಬಾಮ ಸಂಸ್ಥಾನದ ಸ್ಕಾಟ್ಸ್‌ಬರೋ ಎಂಬ ಸಣ್ಣ ಊರಿನಲ್ಲಿ ಮೊದಲಾದ ಅದು ಆರು ವರ್ಷಕ್ಕೂ ಮಿಕ್ಕಿ ಮೇಲಿನ ಕೋರ್ಟುಗಳಿಗೂ ಕೆಳಗಿನ ಕೋರ್ಟುಗಳಿಗೂ ನಡುವೆ ಓಡಾಡಿತು. ಒಂಬತ್ತು ಮಂದಿ ಹುಡುಗರ ಬಾಳು ಅದರಲ್ಲಿ ಸಿಕ್ಕಿಕೊಂಡಿದ್ದಿತು. ಇಂದಿನ ಭಾಷಣಕ್ಕೆ ಅದೇ ವಸ್ತು.

ಮೊದಲು ಒಂದು ಶಬ್ದದ ವಿಚಾರ. ಸಂಸ್ಥಾನವೆಂದರೆ ಮೈಸೂರಿನವರಾದ ನಮಗೆ ಅರಮನೆಯೂ ದಿವಾನರ ಕಛೇರಿಯೂ ನೆನಪಿಗೆ ಬರುತ್ತವೆ. ಅಮೆರಿಕದ ಸಂಸ್ಥಾನಕ್ಕೆ ರಾಜನಿಲ್ಲ. ಆದರೆ ತನ್ನದೇ ಆದ ಶಾಸನಸಭೆ, ತನ್ನದೇ ಆದ ದಂಡಶಾಸನ, ತನ್ನದೇ ಆದ ಸುಪ್ರೀಂ ಕೋರ್ಟು ಉಂಟು. ಕೊಲೆ, ದರೋಡೆ, ಮಾನಭಂಗ ಮೊದಲಾದ ಅಪರಾಧಗಳು ಬಹುಮಟ್ಟಿಗೆ ಸಂಸ್ಥಾನದ ಕಾನೂನಿಗೇ ಒಳಪಟ್ಟವು. ಆ ಕಾನೂನಿನ ಅರ್ಥವೇನೆಂಬ ವಿಷಯದಲ್ಲಿ ಸಂಸ್ಥಾನದ ಕೋರ್ಟು ಹೇಳಿದ್ದೇ ಕೊನೆಯ ಮಾತು. ವಾಷಿಂಗ್‌ಟನ್ನಿನ ಸುಪ್ರೀಂ ಕೋರ್ಟು ಎಲ್ಲಕ್ಕೂ ಮೇಲಿನದೆಂದು ದೂರದಿಂದ ನೋಡುವವರಿಗೆ ತೋರಿದರೂ, ಇಡೀ ಒಕ್ಕೂಟದ ರಾಜ್ಯಾಂಗಕ್ಕೆ ಭಂಗ ಬಂದಿದೆಯೆಂದು ತೋರಿಸಿದ ಹೊರತು ಅದು ಸಂಸ್ಥಾನದ ತೀರ್ಪಿಗೆ ಕೈಹಾಕುವಂತಿಲ್ಲ.

ಇಂಥ ಸಂಸ್ಥಾನವೊಂದರ ಅಪೀಲು ನ್ಯಾಯಸ್ಥಾನವನ್ನು ಹೊಕ್ಕವನಿಗೆ ಮೊದಲು ಕಾಣುವುದು ಅಲ್ಲಿ ಏನೇನು ಇಲ್ಲವೆಂಬುದು. ಸಾಕ್ಷಿಯ ಕಟಕಟೆಯಿಲ್ಲ, ಜ್ಯೂರಿಯ ಹನ್ನೆರಡು ಆಸನಗಳಿಲ್ಲ, ಸಾಮಾನ್ಯವಾಗಿ ಆಪಾದಿತನೂ ಇಲ್ಲ, ಅವನು ಸೆರೆಮನೆಯಲ್ಲಿರುತ್ತಾನೆ. ಇರುವವರು ನ್ಯಾಯಾಧೀಶರು, ಎರಡು ಪಕ್ಷದ ವಕೀಲರು, ಮತ್ತು ಒಂದು ಕಟ್ಟು ಕಾಗದ. ಕೆಳಗಿನ ಕೋರ್ಟಿನಲ್ಲಿ ಯಾರು ಏನು ನುಡಿದರು, ಯಾವ ವಕೀಲ ಯಾವುದಕ್ಕೆ ಆಕ್ಷೇಪಿಸಿದ, ನ್ಯಾಯಾಧೀಶರು ಏನು ಅಪ್ಪಣೆ ಕೊಡಿಸಿದರು, ಇವೆಲ್ಲ ಆ ಕಟ್ಟಿನಲ್ಲಿ ಇರತಕ್ಕದ್ದು. ಅದರಲ್ಲಿ ಬರೆದಿಲ್ಲದ್ದು ಮೇಲಿನ ನ್ಯಾಯಾಧೀಶರ ಪಾಲಿಗೆ ನಡೆದೇ ಇಲ್ಲ. ಸಾಕ್ಷಿಯ ತುಟಿ ನಡುಗಿದ್ದು, ಪಾಟೀಸವಾಲಿನಲ್ಲಿ ಅವನು ಉತ್ತರ ಹೇಳುವುದಕ್ಕೆ ಮುಂಚೆ ಸರ್ಕಾರಿ ವಕೀಲರ ಮುಖ ನೋಡಿದ್ದು, ಕಿಟಕಿಯ ಹೊರಗೆ ಜನ ಕೂಗಿದ್ದು, ಯಾರಾದರೂ ಬರೆಯಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಕಾಗದವನ್ನು ಓದುವುದಕ್ಕೂ ಒಂದು ಕ್ರಮವಿದೆ. ಆಪಾದಿತನು ತಪ್ಪು ಮಾಡಿದನೆ ಎಂದು ಅವರು ಕೇಳುವುದಿಲ್ಲ. ಅದನ್ನು ಜ್ಯೂರಿ ಆಗಲೇ ಹೇಳಿಯಾಗಿದೆ. ವಿಚಾರಣೆ ಕಾನೂನಿನಂತೆ ನಡೆಯಿತೆ, ನಡೆಯದಿದ್ದರೆ ಅದಕ್ಕೆ ಅಲ್ಲಿಯೇ ಆಗಲೇ ಆಕ್ಷೇಪಣೆ ಎತ್ತಿದ್ದರೆ, ಆ ದೋಷದಿಂದ ಅವನಿಗೆ ಹಾನಿಯಾಯಿತೆ ಎಂದು ಕೇಳುತ್ತಾರೆ. ಕೆಳಗಿನ ಕೋರ್ಟಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ಮೇಲೆ ಬಂದು ಮೊದಲಬಾರಿಗೆ ದೂರಿದರೆ ಸಾಮಾನ್ಯವಾಗಿ ಕೇಳುವವರಿಲ್ಲ. ಸಾಕ್ಷ್ಯವನ್ನು ಅವರು ಓದುವುದಿಲ್ಲವೆಂದಲ್ಲ, ಓದುತ್ತಾರೆ. ಆದರೆ ವಿವೇಕವುಳ್ಳ ಹನ್ನೆರಡು ಮಂದಿ ಇದರಿಂದ ಈ ನಿರ್ಣಯಕ್ಕೆ ಬರಬಹುದಾಗಿತ್ತೆ ಎಂಬಷ್ಟನ್ನು ನೋಡಿ ಪುಟ ಮಗುಚುತ್ತಾರೆ. ತಾವಾಗಿದ್ದರೆ ಬೇರೆ ನಿರ್ಣಯಕ್ಕೆ ಬರುತ್ತಿದ್ದೆವೆಂಬುದು ಅವರಿಗೆ ಸಾಕಾದ ಕಾರಣವಲ್ಲ.

ಇಷ್ಟು ಬಿಗಿಯೇಕೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಅದಕ್ಕೆ ಉತ್ತರ ಇಂಗ್ಲೆಂಡಿನ ಚರಿತ್ರೆಯಲ್ಲಿದೆ. ಜ್ಯೂರಿಯ ಮಾತು ಹಿಂದೆ ದೈವಪರೀಕ್ಷೆಯ ಸ್ಥಾನದಲ್ಲಿ ಬಂದು ನಿಂತದ್ದು. ದೈವದ ಮಾತಿಗೆ ಅಪೀಲೆಲ್ಲಿ? ೧೮೪೮ರಲ್ಲಿ ಕ್ಲಿಷ್ಟವಾದ ಕಾನೂನು ಪ್ರಶ್ನೆಯನ್ನು ಹಿರಿಯ ನ್ಯಾಯಾಧೀಶರ ಸಭೆಗೆ ಕಾದಿರಿಸುವ ಏರ್ಪಾಟು ಬಂದಿತಾದರೂ, ಅದು ವಿಚಾರಣೆ ನಡೆಸಿದ ನ್ಯಾಯಾಧೀಶರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಅಡಾಲ್ಫ್ ಬೆಕ್ ಎಂಬ ಮನುಷ್ಯ ಬೇರೊಬ್ಬ ವಂಚಕನೆಂದು ತಪ್ಪಾಗಿ ಗುರುತಿಸಲ್ಪಟ್ಟು ೧೮೯೬ರಲ್ಲಿ ಒಮ್ಮೆ, ೧೯೦೪ರಲ್ಲಿ ಇನ್ನೊಮ್ಮೆ ಅಪರಾಧಿಯೆನ್ನಿಸಿಕೊಂಡನು. ನಿಜವಾದ ವಂಚಕ ಸಿಕ್ಕಿಬಿದ್ದ ಮೇಲೆ ದೇಶಕ್ಕೆ ದೇಶವೇ ನಾಚಿತು. ಇಂಥವನು ಹೋಗಿ ಕೇಳಿಕೊಳ್ಳುವುದಕ್ಕೆ ಒಂದು ನ್ಯಾಯಸ್ಥಾನವೇ ಇರಲಿಲ್ಲವೆಂಬುದು ಆಗ ಎಲ್ಲರಿಗೂ ಹೊಳೆಯಿತು. ಕ್ರಿಮಿನಲ್ ಅಪೀಲು ಕೋರ್ಟನ್ನು ಸ್ಥಾಪಿಸುವ ಶಾಸನ ಅಲ್ಲಿ ಬಂದದ್ದು ೧೯೦೭ರಲ್ಲಿ. ಇಂಡಿಯಾದಲ್ಲಿಯಾದರೋ ೧೮೬೧ರ ದಂಡಪ್ರಕ್ರಿಯಾ ಸಂಹಿತೆಯಿಂದಲೇ ಶಿಕ್ಷೆಯ ಮೇಲೆ ಅಪೀಲು ಉಂಟು. ಇಂಗ್ಲಿಷರು ತಮ್ಮ ಮನೆಯಲ್ಲಿಲ್ಲದ ಸೌಕರ್ಯವನ್ನು ನಮಗೆ ಕೊಟ್ಟದ್ದು ಔದಾರ್ಯದಿಂದಲೊ, ಇಲ್ಲಿಯ ಕೆಳಗಿನ ಅಧಿಕಾರಿಗಳ ಮೇಲೆ ಒಂದು ಕಣ್ಣಿರಲೆಂಬ ಎಚ್ಚರಿಕೆಯಿಂದಲೊ. ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ.

ಅಮೆರಿಕದ ಸಂಸ್ಥಾನಗಳು ಜ್ಯೂರಿಯ ಮೇಲಿನ ಆ ಗೌರವವನ್ನು ಇಂಗ್ಲೆಂಡಿನಿಂದ ತಂದುಕೊಂಡವು. ಅಪೀಲನ್ನು ಮಾತ್ರ ತಮ್ಮ ತಮ್ಮ ಶಾಸನಗಳಿಂದ ಇಂಗ್ಲೆಂಡಿಗಿಂತ ಮೊದಲೇ ಮಾಡಿಕೊಂಡವು. ಇದು ಸಂಸ್ಥಾನ ಕೊಟ್ಟರೆ ಉಂಟು, ರಾಜ್ಯಾಂಗದಿಂದ ಬಂದ ಹಕ್ಕಲ್ಲವೆಂದು ೧೮೯೪ರಲ್ಲಿ ವಾಷಿಂಗ್‌ಟನ್ನಿನ ಕೋರ್ಟು ಹೇಳಿತು.

ಇದರ ಪರಿಣಾಮವನ್ನು ಅಲಬಾಮದ ನೆರೆಯ ಜಾರ್ಜಿಯ ಸಂಸ್ಥಾನ ಒಮ್ಮೆ ತೋರಿಸಿಕೊಟ್ಟಿತ್ತು. ಅಟ್ಲಾಂಟ ಪಟ್ಟಣದಲ್ಲಿ ಲಿಯೊ ಫ್ರಾಂಕ್ ಎಂಬ ಯೆಹೂದ್ಯ ಯುವಕನಿಗೆ ಕೊಲೆಯ ಆರೋಪದ ಮೇಲೆ ೧೯೧೩ರಲ್ಲಿ ಮರಣದಂಡನೆಯಾಯಿತು. ವಿಚಾರಣೆ ನಡೆಸಿದ ನ್ಯಾಯಾಧೀಶ ರೋನ್ ಎಂಬುವರು, ಈತ ಅಪರಾಧಿಯೊ ಅಲ್ಲವೊ ತಮಗೇ ನಿಶ್ಚಯವಾಗಿಲ್ಲ, ಆದರೆ ಜ್ಯೂರಿಗೆ ನಿಶ್ಚಯವಾಗಿದೆ ಎಂದು ಬಾಯಿಯಲ್ಲಿ ಹೇಳಿ, ಹೊಸ ವಿಚಾರಣೆ ಬೇಕೆಂಬ ಅರ್ಜಿಯನ್ನು ವಜಾ ಮಾಡಿದರು. ಸಂಸ್ಥಾನದ ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತೆ? ನ್ಯಾಯಾಧೀಶರು ಬಾಯಲ್ಲಿ ಆಡಿದ ಮಾತು ಹೇಗೇ ಇರಲಿ, ಬರೆದ ಆಜ್ಞೆ ಅರ್ಜಿಯನ್ನು ತಳ್ಳಿಹಾಕಿದೆ. ಆದುದರಿಂದ ಅವರು ತೀರ್ಪನ್ನು ಒಪ್ಪಿದರೆಂದೇ ತಿಳಿಯತಕ್ಕದ್ದು. ೧೯೧೫ರಲ್ಲಿ ವಾಷಿಂಗ್‌ಟನ್ನಿನ ಕೋರ್ಟೂ ಕೈಯೆತ್ತಿತು. ಹೋಮ್ಸ್, ಹ್ಯೂಸ್ ಎಂಬ ಇಬ್ಬರು ನ್ಯಾಯಾಧೀಶರು ಮಾತ್ರ ಒಪ್ಪಲಿಲ್ಲ. ಹ್ಯೂಸರ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು, ಇಪ್ಪತ್ತು ವರ್ಷಗಳ ಮೇಲೆ ಅವರು ಮತ್ತೆ ಬರುತ್ತಾರೆ. ಗವರ್ನರರು ಫ್ರಾಂಕನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರು. ಎರಡು ತಿಂಗಳೊಳಗೆ ಒಂದು ಗುಂಪು ಅವನನ್ನು ಸೆರೆಮನೆಯಿಂದ ಎಳೆದುಕೊಂಡು ಹೋಗಿ ಮರಕ್ಕೆ ನೇತುಹಾಕಿತು.

ಇನ್ನು ಅಲಬಾಮಕ್ಕೆ ಬರೋಣ. ೧೯೩೧ನೆಯ ಮಾರ್ಚ್ ೨೫ರಂದು ಚಟನೂಗದಿಂದ ಮೆಂಫಿಸಿನ ಕಡೆಗೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು. ದೇಶದಲ್ಲಿ ಕೆಲಸವಿಲ್ಲದ ಕಾಲ. ಟಿಕೆಟ್ಟಿಲ್ಲದೆ ಗೂಡ್ಸ್ ಗಾಡಿ ಹತ್ತಿ ಊರಿಂದೂರಿಗೆ ಅಲೆಯುವ ಬಡಜನ ಆಗ ಲಕ್ಷಗಟ್ಟಲೆ ಇದ್ದರು. ಆ ಗಾಡಿಯಲ್ಲಿ ಬಿಳಿಯ ಹುಡುಗರಿಗೂ ಕಪ್ಪು ಹುಡುಗರಿಗೂ ಜಗಳವಾಗಿ, ಬಿಳಿಯರನ್ನು ಕೆಳಕ್ಕೆ ಇಳಿಸಿಬಿಟ್ಟರು. ಅವರು ಹೋಗಿ ದೂರಿತ್ತರು. ಪೇಂಟ್ ರಾಕ್ ಎಂಬ ನಿಲ್ದಾಣದಲ್ಲಿ ಬಂದೂಕು ಹಿಡಿದ ಜನ ಗಾಡಿಯನ್ನು ನಿಲ್ಲಿಸಿ, ಕೈಗೆ ಸಿಕ್ಕಿದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಹಿಡಿದರು. ಕಿರಿಯವನಿಗೆ ಹದಿಮೂರರ ಪ್ರಾಯ, ಹಿರಿಯವನಿಗೆ ಹತ್ತೊಂಬತ್ತು. ಕೆಲವರು ಒಬ್ಬರನ್ನೊಬ್ಬರು ಅದುವರೆಗೆ ಕಂಡವರೇ ಅಲ್ಲ. ಅದೇ ಗಾಡಿಯಲ್ಲಿ ಬಿಳಿಯ ಹೆಂಗಸರಿಬ್ಬರು ಇದ್ದರು. ಇವರೆಲ್ಲ ಸೇರಿ ತಮ್ಮ ಮೇಲೆ ಬಲಾತ್ಕಾರ ನಡೆಸಿದರೆಂದು ಆ ಹೆಂಗಸರು ಹೇಳಿದರು. ಆ ಕಾಲದ ಅಲಬಾಮದಲ್ಲಿ ಇಂಥ ಆರೋಪ ಕಪ್ಪು ಮನುಷ್ಯನ ಮೇಲೆ ಬಂದರೆ ಅವನು ವಿಚಾರಣೆಯವರೆಗೆ ಬದುಕಿ ಉಳಿಯುವುದೇ ಸಂದೇಹ. ಗವರ್ನರರು ಸೈನಿಕರನ್ನು ಕಳುಹಿಸಿ ಹುಡುಗರನ್ನು ಉಳಿಸಿದರು.

ಹನ್ನೆರಡು ದಿನಗಳ ಮೇಲೆ, ಏಪ್ರಿಲ್ ೬ರಂದು ಸ್ಕಾಟ್ಸ್‌ಬರೋದಲ್ಲಿ ವಿಚಾರಣೆ ಪ್ರಾರಂಭವಾಯಿತು. ತಿಂಗಳ ಮೊದಲ ಸೋಮವಾರ. ಸುತ್ತಣ ಹಳ್ಳಿಗಳ ಜನ ಕುದುರೆ ವ್ಯಾಪಾರಕ್ಕೆ ಊರಿನಲ್ಲಿ ನೆರೆಯುವ ದಿನ. ಕೋರ್ಟಿನ ಸುತ್ತ ಸಾವಿರಾರು ಜನ. ಅವರನ್ನು ತಡೆಯುವುದಕ್ಕೆ ಸೈನಿಕರು. ನಾಲ್ಕು ದಿನಗಳಲ್ಲಿ ನಾಲ್ಕು ವಿಚಾರಣೆಗಳು ಮುಗಿದುವು. ಎಂಟು ಮಂದಿಗೆ ಮರಣದಂಡನೆ. ಕಿರಿಯವನಾದ ರಾಯ್ ರೈಟನ ವಿಷಯದಲ್ಲಿ ಸರ್ಕಾರಿ ವಕೀಲರೇ ಜೀವಾವಧಿ ಶಿಕ್ಷೆ ಸಾಕೆಂದಿದ್ದರು. ಜ್ಯೂರಿಯಲ್ಲಿ ಹನ್ನೊಂದು ಮಂದಿ ಸಾವೇ ಆಗಬೇಕೆಂದು ಹಟ ಹಿಡಿದುದರಿಂದ ನಿರ್ಣಯ ಕೂಡಿಬರಲಿಲ್ಲ.

ಹುಡುಗರಿಗೆ ವಕೀಲರು ಯಾರು? ನ್ಯಾಯಾಧೀಶ ಹಾಕಿನ್ಸರು ಮೊದಲು ಆ ಊರಿನ ವಕೀಲರೆಲ್ಲರನ್ನೂ ನೇಮಿಸಿದ್ದರು. ಎಲ್ಲರದೂ ಆದ ಕೆಲಸ ಯಾರದೂ ಅಲ್ಲ. ವಿಚಾರಣೆಯ ಬೆಳಗ್ಗೆ ಚಟನೂಗದಿಂದ ರಾಡಿ ಎಂಬ ವಕೀಲರು ಬಂದು ನಿಂತರು. ತಮ್ಮನ್ನು ಯಾರೂ ಕ್ರಮವಾಗಿ ನೇಮಿಸಿಲ್ಲ, ಹುಡುಗರ ಹಿತವನ್ನು ಬಯಸುವವರು ಕೇಳಿಕೊಂಡದ್ದರಿಂದ ಬಂದೆ, ಮೊಕದ್ದಮೆಯನ್ನು ಸಿದ್ಧಪಡಿಸಿಕೊಂಡಿಲ್ಲ, ಅಲಬಾಮದ ಕ್ರಮ ತಮಗೆ ತಿಳಿಯದು ಎಂದರು. ಸ್ಥಳದ ವಯಸ್ಸಾದ ವಕೀಲ ಮೂಡಿ ಎಂಬುವರು ತಾವು ನೆರವಾಗುವೆವೆಂದರು. ನ್ಯಾಯಾಧೀಶರು ಆಗಲಿ ಎಂದರು. ವಿಚಾರಣೆ ಮುಂದಕ್ಕೆ ಸಾಗಿತು. ಪ್ರಾಣದ ಮೊಕದ್ದಮೆಯಲ್ಲಿ ಇಷ್ಟೇ ಏರ್ಪಾಟು. ಆದರೆ ಒಂದು ಪುಣ್ಯ: ಈ ಸಂಭಾಷಣೆಯೆಲ್ಲವನ್ನೂ ಶೀಘ್ರಲಿಪಿಯವರು ಮಾತಿಗೆ ಮಾತು ಬರೆದುಕೊಂಡಿದ್ದರು.

ಶಿಕ್ಷೆ ಜುಲೈ ೧೦ಕ್ಕೆ ಗೊತ್ತಾಗಿದ್ದಿತು, ಅಪೀಲಿನಿಂದ ತಡೆಯಾಯಿತು. ೧೯೩೨ರ ಮಾರ್ಚ್ ೨೪ರಂದು ಅಲಬಾಮದ ಸುಪ್ರೀಂ ಕೋರ್ಟು ತೀರ್ಪುಕೊಟ್ಟಿತು. ಎಂಟು ಮಂದಿಯಲ್ಲಿ ಯೂಜೀನ್ ವಿಲಿಯಮ್ಸ್ ಎಂಬುವನು ಎಳೆಯ ಪ್ರಾಯದವನೆಂದು ಅವನಿಗೆ ಮಾತ್ರ ಹೊಸ ವಿಚಾರಣೆ. ಉಳಿದ ಏಳು ಮಂದಿಯ ಮರಣದಂಡನೆ ಸ್ಥಿರ. ವಕೀಲರಿದ್ದರೆ? ಇದ್ದರೆಂದು ಕಾಗದದಲ್ಲಿದೆ, ಪಾಟೀಸವಾಲೂ ಮಾಡಿದ್ದಾರೆ. ಅವಸರವಾಯಿತೆ? ಶೀಘ್ರವಾಗಿ ನ್ಯಾಯ ತೀರಿಸುವುದು ದೋಷವಲ್ಲ. ಸೈನಿಕರು? ಅವರಿದ್ದದ್ದು ಶಾಂತಿಯನ್ನು ಕಾಯುವುದಕ್ಕೆ. ಹೀಗೆ ಒಂದೊಂದು ಆಕ್ಷೇಪಣೆಯೂ ಕಾಗದದ ಮೇಲೆ ಕರಗಿಹೋಯಿತು. ಸಂಸ್ಥಾನದ ಪರವಾಗಿ ವಾದಿಸಿದ ಅಟಾರ್ನಿ ಜನರಲ್ ನೈಟ್ ಎಂಬುವರ ತಂದೆಯೇ ಆ ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದರೆಂಬುದನ್ನು ಹೇಳದೆ ಮುಂದಕ್ಕೆ ಹೋಗುವುದು ಚರಿತ್ರಕಾರನಿಗೆ ಸಲ್ಲದು.

ಅದೇ ಪೀಠದಲ್ಲಿ ಕುಳಿತು ಅದೇ ಕಾಗದವನ್ನು ಓದಿದ ಮುಖ್ಯ ನ್ಯಾಯಾಧೀಶ ಆಂಡರ್ಸನ್ನರು ಮಾತ್ರ ಒಪ್ಪಲಿಲ್ಲ. ಆರು ಮಂದಿಗೆ ವಕೀಲರ ಹೆಸರು ಕಂಡ ಕಡೆಯಲ್ಲಿ ಅವರಿಗೆ ಹೆಸರು ಮಾತ್ರ ಕಂಡಿತು. ವಕೀಲರು ಬಂದು ನಿಂತದ್ದು ಶಾಸ್ತ್ರಕ್ಕೆ, ಶ್ರದ್ಧೆಯಿಂದ ಹೋರಾಡಿದ ಗುರುತು ಕಾಗದದಲ್ಲಿಲ್ಲ ಎಂಬ ಅಭಿಪ್ರಾಯವನ್ನು ಅವರು ತಮ್ಮ ಭಿನ್ನತೀರ್ಪಿನಲ್ಲಿ ಬರೆದಿಟ್ಟರು. ದಕ್ಷಿಣದೇಶದ ಬಿಳಿಯ ನ್ಯಾಯಾಧೀಶರೊಬ್ಬರು, ಚುನಾವಣೆಯಿಂದ ಆ ಪದವಿಗೆ ಬಂದವರು, ಹೀಗೆ ಬರೆಯಬೇಕಾದರೆ ಎಂಥ ಧೈರ್ಯ ಬೇಕಾಗಿತ್ತೆಂಬುದನ್ನು ಊಹಿಸಬಹುದು.

೧೯೩೨ರ ನವೆಂಬರ್ ೭ರಂದು ವಾಷಿಂಗ್‌ಟನ್ನಿನ ಸುಪ್ರೀಂ ಕೋರ್ಟು ಏಳು ಜನರ ಬಹುಮತದಿಂದ ಆ ಏಳು ಶಿಕ್ಷೆಗಳನ್ನೂ ರದ್ದುಮಾಡಿತು. ತೀರ್ಪನ್ನು ಬರೆದ ಸದರ್‌ಲೆಂಡರು ಹೊಸತನಕ್ಕೆ ಒಲಿದವರೆಂದು ಹೆಸರಾದವರಲ್ಲ, ಹಳೆಯ ಪಂಥದ ಗಟ್ಟಿಗರು. ಅವರು ಆಧಾರವಾಗಿ ಹಿಡಿದುಕೊಂಡದ್ದು ಯಾವುದನ್ನು? ಆ ಬೆಳಗ್ಗೆ ಹಾಕಿನ್ಸರಿಗೂ ರಾಡಿಯವರಿಗೂ ನಡೆದ ಸಂಭಾಷಣೆಯನ್ನು. ಶೀಘ್ರಲಿಪಿಯವರು ಬರೆದುಕೊಂಡಿದ್ದ ಆ ಮಾತುಗಳನ್ನು ತೀರ್ಪಿನಲ್ಲಿ ಉದ್ದಕ್ಕೂ ಎತ್ತಿ ಬರೆದು, ಆಂಡರ್ಸನ್ನರ ಮಾತನ್ನೂ ಸೇರಿಸಿಕೊಂಡು, ಪ್ರಾಣದ ಮೊಕದ್ದಮೆಯಲ್ಲಿ ಓದುಬರಹವಿಲ್ಲದ ಬಡ ಹುಡುಗರಿಗೆ ಹೀಗೆ ವಕೀಲರನ್ನು ಕೊಡುವುದು ಕೊಡದೆ ಇದ್ದಂತೆಯೇ ಎಂದು ತೀರ್ಮಾನಿಸಿದರು. ೧೮೬೮ರಲ್ಲಿ ರಾಜ್ಯಾಂಗಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿ ಸಂಸ್ಥಾನಗಳಿಗೆ ವಿಧಿಸಿರುವ ನ್ಯಾಯಕ್ರಮಕ್ಕೆ ಇದು ಭಂಗ. ಆದರೆ ಹುಡುಗರು ಅಪರಾಧಿಗಳೆ ಅಲ್ಲವೆ ಎಂಬ ವಿಷಯದಲ್ಲಿ ಆ ತೀರ್ಪು ಏನನ್ನೂ ಹೇಳುವುದಿಲ್ಲ.

ಮೊಕದ್ದಮೆ ತಿರುಗಿ ಕೆಳಕ್ಕೆ ಇಳಿಯಿತು. ೧೯೩೩ರ ಮಾರ್ಚ್ ಕೊನೆಯಲ್ಲಿ ಡಿಕೇಟರ್ ಎಂಬ ಊರಿನಲ್ಲಿ ಹೇವುಡ್ ಪ್ಯಾಟರ್ಸನ್ ಎಂಬುವನ ಎರಡನೆಯ ವಿಚಾರಣೆ. ಈಗ ಹುಡುಗರ ಪಕ್ಷಕ್ಕೆ ನ್ಯೂಯಾರ್ಕಿನ ಹೆಸರಾಂತ ವಕೀಲ ಸ್ಯಾಮ್ಯುಎಲ್ ಲೀಬೊವಿಟ್ಸರು ನಿಂತಿದ್ದರು. ಅಪೀಲಿನ ಕಾಗದವನ್ನು ಹೇಗೆ ಕಟ್ಟಬೇಕೆಂಬುದನ್ನು ಬಲ್ಲವರು. ಸ್ಕಾಟ್ಸ್‌ಬರೋದಲ್ಲಿ ಯಾರೂ ಎತ್ತದ ಒಂದು ಆಕ್ಷೇಪಣೆಯನ್ನು ಅವರು ಮೊದಲ ದಿನಗಳಲ್ಲಿಯೇ ಎತ್ತಿದರು: ಕಪ್ಪು ಜನರನ್ನು ಜ್ಯೂರಿಯ ಪಟ್ಟಿಯಿಂದ ಬುದ್ಧಿಪೂರ್ವಕವಾಗಿ ಹೊರಗಿಟ್ಟಿದ್ದಾರೆ. ವಿದ್ಯಾವಂತರಾದ ಕಪ್ಪು ಗೃಹಸ್ಥರನ್ನು ಸಾಕ್ಷಿಗಳಾಗಿ ಕರೆಯಿಸಿ, ಇವರು ಜ್ಯೂರಿಗೆ ಯೋಗ್ಯರಲ್ಲವೆ ಎಂದು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ತೋರಿಸಿದರು. ಅಲ್ಲಿ ಗೆಲ್ಲುವೆನೆಂಬ ಆಸೆ ಅವರಿಗಿದ್ದಂತೆ ತೋರುವುದಿಲ್ಲ. ಬರೆಯಿಸಿ ಇಡುವುದೇ ಉದ್ದೇಶ.

ಆ ವಿಚಾರಣೆಯಲ್ಲಿ ದೂರಿತ್ತ ಹೆಂಗಸರಲ್ಲಿ ಒಬ್ಬಳು ಪ್ರತಿವಾದದ ಸಾಕ್ಷಿಯಾಗಿ ಬಂದು, ಏನೂ ನಡೆಯಲಿಲ್ಲ, ಹಿಂದೆ ಹೇಳಿದ್ದು ಸುಳ್ಳು ಎಂದು ನುಡಿದಳು. ಆದರೂ ಜ್ಯೂರಿ ಮರಣದಂಡನೆಯನ್ನೇ ವಿಧಿಸಿತು. ಹೊಸ ವಿಚಾರಣೆಯ ಅರ್ಜಿ ನ್ಯಾಯಾಧೀಶ ಜೇಮ್ಸ್ ಹಾರ್ಟನ್ನರ ಮುಂದೆ ಬಂದಿತು. ಶಾಸ್ತ್ರಕ್ಕೆಂದು ಹಾಕುವ ಅರ್ಜಿ, ಶಾಸ್ತ್ರಕ್ಕೆಂದೇ ವಜಾ ಆಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ೧೯೩೩ರ ಜೂನ್ ೨೨ರಂದು ಅಥೆನ್ಸ್ ಎಂಬ ತಮ್ಮ ಊರಿನ ಕೋರ್ಟಿನಲ್ಲಿ ಹಾರ್ಟನ್ನರು ಕುಳಿತು ತಮ್ಮ ತೀರ್ಪನ್ನು ಓದಲು ಮೊದಲುಮಾಡಿದರು. ಮುಖ್ಯ ಸಾಕ್ಷಿಯ ಹೇಳಿಕೆಯನ್ನು ಒಂದೊಂದು ಎಳೆಯಾಗಿ ಬಿಡಿಸಿದರು. ಅವಳು ಪಟ್ಟೆನೆಂದ ಗಾಯಗಳೆಲ್ಲಿ? ಅಂದೇ ಕೆಲವು ಗಂಟೆಗಳೊಳಗೆ ಪರೀಕ್ಷಿಸಿದ ವೈದ್ಯರು ಕಂಡದ್ದೇನು? ಅಷ್ಟು ಜನರಿದ್ದ ಗಾಡಿಯಲ್ಲಿ ಅವಳ ಮಾತಿಗೆ ಆಸರೆಯಾಗಿ ಇನ್ನೊಬ್ಬರ ಮಾತೇಕೆ ಇಲ್ಲ? ತಾನಾಗಿಯೇ ನಂಬಲರ್ಹವಲ್ಲದ, ಇತರ ಸಾಕ್ಷ್ಯದಿಂದ ಅಡಿಗಡಿಗೆ ಖಂಡಿತವಾಗುವ ಒಬ್ಬರ ಮಾತಿನ ಮೇಲೆ ಮನುಷ್ಯನ ಪ್ರಾಣ ತೆಗೆಯಲಾಗದೆಂದು ಹೇಳಿ, ಜ್ಯೂರಿಯ ನಿರ್ಣಯವನ್ನು ತೊಡೆದುಹಾಕಿದರು.

ಶ್ರೋತೃಗಳು ಇಲ್ಲಿ ರೋನರನ್ನು ನೆನೆದುಕೊಳ್ಳಬೇಕು. ಇಬ್ಬರೂ ಸಾಕ್ಷಿಗಳ ಮುಖವನ್ನು ಕಣ್ಣಾರೆ ಕಂಡವರು. ಇಬ್ಬರಿಗೂ ನಿರ್ಣಯ ಸರಿಯೆನಿಸಲಿಲ್ಲ. ಒಬ್ಬರು ಸಂಶಯವನ್ನು ಬಾಯಲ್ಲಿ ಆಡಿ ಸುಮ್ಮನಾದರು. ಇನ್ನೊಬ್ಬರು ಅದನ್ನೇ ಆಜ್ಞೆಯಾಗಿ ಬರೆದರು. ಸಾಕ್ಷ್ಯದ ತೂಕವನ್ನು ನೋಡಿ ಜ್ಯೂರಿಯ ನಿರ್ಣಯವನ್ನು ಬದಿಗಿಡುವ ಅಧಿಕಾರ ಅಮೆರಿಕದಲ್ಲಿ ಮುಖ್ಯವಾಗಿ ಇಂಥ ವಿಚಾರಣೆಯ ನ್ಯಾಯಾಧೀಶರದು. ಆರು ವರ್ಷಗಳಲ್ಲಿ ಈ ಮೊಕದ್ದಮೆಯನ್ನು ಕಂಡ ಅಷ್ಟು ಮಂದಿ ನ್ಯಾಯಾಧೀಶರಲ್ಲಿ, ಸಾಕ್ಷ್ಯ ಸಾಲದೆಂದು ತೀರ್ಪಿನಲ್ಲಿ ಬರೆದವರು ಹಾರ್ಟನ್ನರೊಬ್ಬರೇ. ನಮ್ಮ ದೇಶದಲ್ಲಿ ಈ ಭಾರ ಒಬ್ಬರ ಮೇಲೆ ಬೀಳುವುದಿಲ್ಲ. ಸೆಷನ್ಸ್ ನ್ಯಾಯಾಧೀಶರು ವಿಧಿಸಿದ ಮರಣದಂಡನೆ ಹೈಕೋರ್ಟು ಸ್ಥಿರಪಡಿಸುವವರೆಗೆ ಜಾರಿಗೆ ಬರುವಂತಿಲ್ಲ. ೧೮೯೮ರ ಸಂಹಿತೆಯಲ್ಲಿದ್ದ ಈ ನಿಯಮವನ್ನು ೧೯೭೩ರ ಸಂಹಿತೆಯೂ, ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿವೆ. ಹಾಗೆ ಬಂದ ಕಾಗದವನ್ನು ಓದುವಾಗ ಹೈಕೋರ್ಟು ಸಾಕ್ಷ್ಯವನ್ನು ತಾನೇ ತೂಗುತ್ತದೆ.

ಹಾರ್ಟನ್ನರು ೧೯೩೪ರ ಚುನಾವಣೆಯಲ್ಲಿ ಸೋತು ನ್ಯಾಯಪೀಠವನ್ನು ಬಿಟ್ಟರು. ಅದೇ ವರ್ಷ ಅಟಾರ್ನಿ ಜನರಲ್ ನೈಟರು ಅಲಬಾಮದ ಲೆಫ್ಟೆನೆಂಟ್ ಗವರ್ನರಾಗಿ ಚುನಾಯಿತರಾದರು.

೧೯೩೩ರ ಚಳಿಗಾಲದಲ್ಲಿ ಕ್ಯಾಲಹನ್ ಎಂಬ ಬೇರೆ ನ್ಯಾಯಾಧೀಶರ ಮುಂದೆ ಪ್ಯಾಟರ್ಸನ್ನನಿಗೂ ಕ್ಲಾರೆನ್ಸ್ ನಾರಿಸನಿಗೂ ಮತ್ತೆ ಮರಣದಂಡನೆಯಾಯಿತು. ಈ ಸಲ ಲೀಬೊವಿಟ್ಸರು ಹುಡುಗರ ಮೇಲೆ ಆರೋಪ ಹೊರಿಸಿದ ಜ್ಯಾಕ್ಸನ್ ಕೌಂಟಿಯ ಜ್ಯೂರಿ ಪಟ್ಟಿಯ ದಪ್ಪ ಪುಸ್ತಕಗಳನ್ನೇ ಕೋರ್ಟಿಗೆ ತರಿಸಿದ್ದರು. ಆ ಕೌಂಟಿಯಲ್ಲಿ ಜ್ಯೂರಿಯಾಗಿ ಕುಳಿತ ಕಪ್ಪು ಮನುಷ್ಯನನ್ನು ಕಂಡ ನೆನಪು ಯಾರಿಗೂ ಇರಲಿಲ್ಲ. ಆದರೆ ಪುಸ್ತಕದ ಕೆಲವು ಪುಟಗಳ ಕೊನೆಯಲ್ಲಿ ಆರು ಮಂದಿ ಕಪ್ಪು ಜನರ ಹೆಸರುಗಳು ಕಂಡುಬಂದುವು. ಹಳೆಯ ಪಟ್ಟಿ ಮುಗಿದುದನ್ನು ತೋರಿಸುವುದಕ್ಕೆ ಎಳೆದಿದ್ದ ಕೆಂಪು ಗೆರೆಯ ಮೇಲೆಯೇ ಶಾಯಿ ಹಾದಿದೆ, ಹೆಸರುಗಳನ್ನು ಆಮೇಲೆ ತುರುಕಿದ್ದಾರೆ ಎಂದು ಕೈಬರಹದ ಪಂಡಿತರೊಬ್ಬರು ಸಾಕ್ಷ್ಯ ನುಡಿದರು. ಕ್ಯಾಲಹನ್ನರು ಒಪ್ಪಲಿಲ್ಲ; ೧೯೩೪ರ ಜೂನಿನಲ್ಲಿ ಅಲಬಾಮದ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ.

ಇಲ್ಲಿ ಒಂದು ವಿಪತ್ತು ಸಂಭವಿಸಿತು. ಬಾಯಿಮಾತಿನಲ್ಲಿ ನಡೆದುದು ಅಪೀಲಿಗೆ ಏರಬೇಕಾದರೆ, ಆಕ್ಷೇಪಣೆಗಳ ಪಟ್ಟಿಯೊಂದನ್ನು ಗೊತ್ತಾದ ಅವಧಿಯೊಳಗೆ ನ್ಯಾಯಾಧೀಶರಿಗೆ ಒಪ್ಪಿಸಬೇಕೆಂಬುದು ಆಗಿನ ಅಲಬಾಮದ ನಿಯಮ. ನಾರಿಸನ ಪಟ್ಟಿ ಸಕಾಲಕ್ಕೆ ಹೋಗಿತ್ತು. ಪ್ಯಾಟರ್ಸನ್ನನದು ಲೆಕ್ಕಾಚಾರದ ಎಡವಟ್ಟಿನಿಂದ ಅವಧಿ ಮೀರಿ ಹೋಯಿತು. ಕೋರ್ಟು ಅವನ ಪಟ್ಟಿಯನ್ನು ಕಿತ್ತುಹಾಕಿತು. ಈಗ ಪರಿಸ್ಥಿತಿಯನ್ನು ನೋಡಿರಿ: ಇಬ್ಬರೂ ಒಂದೇ ಗಾಡಿಯಲ್ಲಿ ಹಿಡಿಯಲ್ಪಟ್ಟವರು, ಇಬ್ಬರ ದೂರೂ ಒಂದೇ, ಪುಸ್ತಕಗಳೂ ಅವೇ. ನಾರಿಸನು ವಾಷಿಂಗ್‌ಟನ್ನಿಗೆ ಹೋಗಿ ಉಳಿದುಕೊಳ್ಳಬಹುದು. ಪ್ಯಾಟರ್ಸನ್ನನು, ಪಂಚಾಂಗದ ಕೆಲವು ದಿನಗಳ ದೆಸೆಯಿಂದ, ವಿದ್ಯುತ್ ಕುರ್ಚಿಗೆ ಹೋಗಬೇಕು.

೧೯೩೫ರ ಫೆಬ್ರವರಿಯಲ್ಲಿ ವಾದ ನಡೆಯಿತು. ಮುಖ್ಯ ನ್ಯಾಯಾಧೀಶರ ಪೀಠದಲ್ಲಿ ಕುಳಿತಿದ್ದವರು, ಇಪ್ಪತ್ತು ವರ್ಷ ಹಿಂದೆ ಫ್ರಾಂಕನ ಮೊಕದ್ದಮೆಯಲ್ಲಿ ಒಪ್ಪದೆ ಉಳಿದಿದ್ದ ಹ್ಯೂಸರು. ಹೆಸರುಗಳನ್ನು ಆಮೇಲೆ ಸೇರಿಸಿದ್ದಾರೆಂಬುದನ್ನು ಸಿದ್ಧಪಡಿಸಿ ತೋರಿಸಬಲ್ಲಿರಾ ಎಂದು ಅವರು ಕೇಳಿದರು. ಲೀಬೊವಿಟ್ಸರು ಪುಸ್ತಕಗಳನ್ನೂ ಒಂದು ಭೂತಕನ್ನಡಿಯನ್ನೂ ಮುಂದಿಟ್ಟರು. ಅಪೀಲು ಕೋರ್ಟಿನಲ್ಲಿ ಕಾಣಸಿಗದ ನೋಟವಿದು: ದೇಶದ ಅತ್ಯುನ್ನತ ನ್ಯಾಯಾಧೀಶರು ಒಬ್ಬರಾದಮೇಲೊಬ್ಬರು ಬಗ್ಗಿ, ಅಲಬಾಮದ ಹಳ್ಳಿಗಾಡಿನ ಪಟ್ಟಿಯೊಂದರ ಶಾಯಿಯನ್ನು ಭೂತಕನ್ನಡಿಯಿಂದ ಪರೀಕ್ಷಿಸಿದರು. ಏಪ್ರಿಲ್ ಒಂದರಂದು ತೀರ್ಪು. ಹಕ್ಕನ್ನು ಸಂಸ್ಥಾನ ಮಾತಿನಲ್ಲಿ ನಿರಾಕರಿಸಿದೆಯೆ ಎಂದು ಮಾತ್ರವಲ್ಲ, ಕಾರ್ಯತಃ ನಿರಾಕರಿಸಿದೆಯೆ ಎಂದೂ ನೋಡಬೇಕು. ಅದಕ್ಕಾಗಿ ವಾಸ್ತವಾಂಶಗಳನ್ನು ತಾವೇ ಪರೀಕ್ಷಿಸುವುದು ಕರ್ತವ್ಯವೆಂದು ಹ್ಯೂಸರು ಬರೆದರು. ನಾರಿಸನ ಶಿಕ್ಷೆ ರದ್ದಾಯಿತು.

ಪ್ಯಾಟರ್ಸನ್ನನ ಗತಿ? ಅವಧಿಯ ನಿಯಮ ಅಲಬಾಮದ್ದು. ಅದನ್ನು ಮುರಿಯುವ ಅಧಿಕಾರ ತಮಗಿದೆಯೆಂದು ಹ್ಯೂಸರು ಹೇಳಲಿಲ್ಲ. ಆದರೆ ನಾರಿಸನು ಉಳಿದು ಇವನು ಸಾಯುವನೆಂಬುದು ಮುಂಚೆಯೇ ತಿಳಿದಿದ್ದರೆ ಅಲಬಾಮದ ನ್ಯಾಯಾಧೀಶರು ಹಾಗೆ ಮಾಡುತ್ತಿದ್ದರೆಂದು ನಂಬಲಾರೆವು ಎಂದು ಹೇಳಿ, ಮತ್ತೊಮ್ಮೆ ಆಲೋಚಿಸುವುದಕ್ಕೆಂದು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿದರು. ಕಾನೂನಿನ ಗ್ರಂಥಗಳಲ್ಲಿ ಇಷ್ಟು ನಯವಾಗಿ ಪ್ರಾಣವುಳಿಸಿದ ಬರಹಗಳು ಬಹಳವಿರಲಾರವು. ಅಲಬಾಮ ಹೊಸ ವಿಚಾರಣೆಗೆ ಒಪ್ಪಿತು.

ಅನಂತರದ ಕಥೆಯಲ್ಲಿ ಹಿಗ್ಗುವಂಥದೇನೂ ಇಲ್ಲ. ೧೯೩೬ರ ಜನವರಿಯಲ್ಲಿ ನಾಲ್ಕನೆಯ ವಿಚಾರಣೆಯಾಗಿ ಪ್ಯಾಟರ್ಸನ್ನನಿಗೆ ೭೫ ವರ್ಷಗಳ ಸೆರೆಯಾಯಿತು. ಜ್ಯೂರಿಗೆ ಕರೆಸಿದವರ ಪಟ್ಟಿಯಲ್ಲಿ ಈ ಸಲ ಕೆಲವರು ಕಪ್ಪು ಜನರಿದ್ದರು. ಕುಳಿತ ಹನ್ನೆರಡು ಮಂದಿಯಲ್ಲಿ ಒಬ್ಬನೂ ಇರಲಿಲ್ಲ. ಕಾಗದ ನಿರ್ದುಷ್ಟವಾಗಿತ್ತು. ೧೯೩೭ರಲ್ಲಿ ಸಂಸ್ಥಾನದ ಸುಪ್ರೀಂ ಕೋರ್ಟು ಅದನ್ನು ಸ್ಥಿರಪಡಿಸಿತು. ವಾಷಿಂಗ್‌ಟನ್ನಿನ ಕೋರ್ಟು ಕೈಹಾಕಲು ಒಪ್ಪಲಿಲ್ಲ. ಅದೇ ವರ್ಷದ ಜುಲೈಯಲ್ಲಿ ನಾಲ್ಕು ಮಂದಿಯ ಮೇಲಿನ ಆರೋಪವನ್ನು ಸರ್ಕಾರವೇ ಕೈಬಿಟ್ಟು ಬಿಡುಗಡೆ ಮಾಡಿತು; ಅವರ ಮೇಲಿದ್ದದ್ದೂ ಅದೇ ಹೆಂಗಸಿನ ಅದೇ ಸಾಕ್ಷ್ಯ. ಉಳಿದ ಐದು ಮಂದಿ ಸೆರೆಯಲ್ಲಿಯೇ ಉಳಿದರು. ನಾರಿಸನಿಗೆ ಮೂರನೆಯ ಸಲ ಮರಣದಂಡನೆಯಾಗಿ, ೧೯೩೮ರಲ್ಲಿ ಗವರ್ನರ್ ಗ್ರೇವ್ಸರು ಅದನ್ನು ಜೀವಾವಧಿಗೆ ಇಳಿಸಿದರು.

ಮೊಕದ್ದಮೆಯ ನ್ಯಾಯತತ್ತ್ವ ಮಾತ್ರ ಆ ಹುಡುಗರಿಗಿಂತ ದೂರ ನಡೆಯಿತು. ಅಪೀಲಿಗೆ ಬೇಕಾದ ವಿಚಾರಣೆಯ ನಕಲಿಗೆ ಹಣ ತೆರಲಾರದ ಬಡವನಿಗೂ ಹಣವಂತನಿಗಿರುವಂಥ ಅಪೀಲಿನ ದಾರಿ ದೊರೆಯಬೇಕೆಂದು ೧೯೫೬ರಲ್ಲಿ ಇಲಿನಾಯ್ ಸಂಸ್ಥಾನದ ಮೊಕದ್ದಮೆಯೊಂದರಲ್ಲಿ ತೀರ್ಮಾನವಾಯಿತು. ೧೯೬೩ರಲ್ಲಿ, ಮರಣದಂಡನೆಯಿಲ್ಲದ ಘೋರಾಪರಾಧಗಳಲ್ಲಿಯೂ ಬಡವನಿಗೆ ಸಂಸ್ಥಾನವೇ ವಕೀಲರನ್ನು ಒದಗಿಸಬೇಕೆಂದು ಗೊತ್ತಾಯಿತು. ಮೊದಲನೆಯ ಅಪೀಲಿಗೂ ವಕೀಲರಿರಬೇಕೆಂಬ ತೀರ್ಪೂ ಅದೇ ದಿನ ಬಂದಿತು. ಈ ತೀರ್ಪುಗಳಿಗೆಲ್ಲ ಮೂಲವನ್ನು ಹುಡುಕಿಕೊಂಡು ಹೋದವನು ಹಾಕಿನ್ಸರ ಕೋರ್ಟಿನ ಆ ಬೆಳಗಿನ ಸಂಭಾಷಣೆಯನ್ನು ಹಾದೇ ಹೋಗಬೇಕು.

ನಾರಿಸನು ಸೆರೆಯಿಂದ ಹೊರಬಂದು ಉತ್ತರಕ್ಕೆ ಹೋಗಿ ನೆಲಸಿದನು. ೧೯೭೬ರಲ್ಲಿ ಅಲಬಾಮ ಅವನನ್ನು ಕ್ಷಮಿಸಿತು. ಸಹಿ ಹಾಕಿದ ಗವರ್ನರು ಜಾರ್ಜ್ ವಾಲೆಸ್, ಕಪ್ಪು ಜನರನ್ನು ಬೇರೆಯಾಗಿಡಬೇಕೆಂದು ಒಂದು ಕಾಲದಲ್ಲಿ ಕೋರ್ಟುಗಳನ್ನೇ ಎದುರಿಸಿ ನಿಂತಿದ್ದ ಮನುಷ್ಯ. ಪ್ಯಾಟರ್ಸನ್ನನು ೧೯೪೮ರಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಮಿಷಿಗನ್ನಿಗೆ ಓಡಿಹೋದನು. ಅಲ್ಲಿಯ ಗವರ್ನರರು ಅವನನ್ನು ಅಲಬಾಮಕ್ಕೆ ಒಪ್ಪಿಸಲಿಲ್ಲ. ಆಮೇಲೆ ಒಂದು ಹೊಡೆದಾಟದಲ್ಲಿ ಮನುಷ್ಯನೊಬ್ಬ ಸತ್ತು, ಆ ತಪ್ಪಿಗಾಗಿ ಮಿಷಿಗನ್ನಿನ ಸೆರೆಮನೆ ಸೇರಿ, ೧೯೫೨ರಲ್ಲಿ ಅಲ್ಲಿಯೇ ಕಾಯಿಲೆಯಿಂದ ತೀರಿಹೋದನು. ಸತ್ತವರನ್ನು ಕ್ಷಮಿಸುವುದಕ್ಕೆ ಅಲಬಾಮದಲ್ಲಿ ಕಾನೂನಿರಲಿಲ್ಲ. ೨೦೧೩ರಲ್ಲಿ ಶಾಸನಸಭೆ ಅದಕ್ಕೆಂದೇ ಒಂದು ಶಾಸನ ಮಾಡಿತು. ಆ ವರ್ಷದ ನವೆಂಬರ್ ೨೧ರಂದು ಸಂಸ್ಥಾನದ ಮಂಡಲಿ ಪ್ಯಾಟರ್ಸನ್, ಚಾರ್ಲಿ ವೀಮ್ಸ್, ಆಂಡಿ ರೈಟ್ ಎಂಬ ಮೂವರಿಗೆ ಕ್ಷಮಾಪತ್ರವನ್ನು ಕೊಟ್ಟಿತು. ಪ್ಯಾಟರ್ಸನ್ ಸತ್ತು ಆಗ ೬೧ ವರ್ಷಗಳಾಗಿದ್ದುವು.